ಕಾಡಿನ ಪರದೆ ಬರೆದ ಕೈ

ಬೆಳಿಗ್ಗೆ ಏಳೂವರೆಗೆ ಹಾಸನದ ಬಸ್ ನಿಲ್ದಾಣದಲ್ಲಿ ಆಂದ್ರಾಶ್ ಅವರನ್ನು ಕಂಡಾಗ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಹಂಗೇರಿ ದೇಶದ ಚಿತ್ರಕಾರರು, ಎಪ್ಪತ್ತು ದಾಟಿದವರು. ಹರೆಯದಲ್ಲೇ ಊರು ಬಿಟ್ಟು ಪ್ಯಾರಿಸ್, ಬರ್ಲಿನ್ ನಾಟಕಶಾಲೆಗಳಿಗೆ ರಂಗಸಜ್ಜಿಕೆ ಮಾಡಿದವರು. ಎರಡು ವರ್ಷದಿಂದ ಮೈಸೂರಿನ ಒಂದು ತಂಡದಲ್ಲಿದ್ದು ಕನ್ನಡ ಕಲಿತಿದ್ದರು. ಮರವನ್ನು ಮರದ ಹಾಗೆ ಬರೆಯದೆ ಬರೀ ಗೆರೆ, ಚೌಕಗಳಲ್ಲಿ ತೋರಿಸುವುದು ಅವರ ರೀತಿ. ಹೋದ ತಿಂಗಳು ಅರಕಲಗೂಡಿನ ಪೌರಾಣಿಕ ನಾಟಕವೊಂದರಲ್ಲಿ ನಮ್ಮ ಕಾಡಿನ ಪರದೆ ನೋಡಿ, ಮೂಲೆಯಲ್ಲಿದ್ದ ನನ್ನ ನಂಬರಿಗೆ ಫೋನ್ ಮಾಡಿದ್ದರು. ತಮ್ಮ ದೇಶದಲ್ಲಿ ಆಡಿಸುವ ಹೊಸ ನಾಟಕಕ್ಕೆ ಅದೇ ಕೈಯ ಪರದೆ ಬೇಕಂತೆ.

ಆ ಕೈ ನನ್ನದಲ್ಲ, ತಂಗಿ ಜಯಮ್ಮನದು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಳೆನರಸೀಪುರದಲ್ಲಿ ನಾಟಕದ ಪರದೆ ಬಾಡಿಗೆಗೆ ಕೊಡುವವನು. ಬಾಡಿಗೆಗೆ ಕೊಡುವವನ ಹೆಸರು ಮೂಲೆಯಲ್ಲಿರುವುದು ಕಸುಬಿನ ವಾಡಿಕೆ. ಆ ಹೆಸರಿನ ಹಿಂದೆ 'ಚಿತ್ರ' ಎಂದು ಸೇರಿಸಿ, ಬರೆದವನೂ ನಾನೇ ಎಂದು ತೋರಿಸಿಕೊಂಡವನು ನಾನು. ಹೆಣ್ಣುಮಗಳ ಹೆಸರಿದ್ದರೆ ನಾಟಕದವರು ಒಪ್ಪುವುದಿಲ್ಲ ಎಂದು ಆಗ ಅವಳಿಗೆ ಹೇಳಿದ್ದೆ. ನಿಜಕ್ಕೂ ಯಾವ ನಾಟಕದವರನ್ನೂ ಕೇಳಿರಲಿಲ್ಲ. ಆಂದ್ರಾಶ್ ಫೋನ್ ಮಾಡಿದಾಗಲೂ ನಾನೇ ಬರೆದದ್ದು ಎಂದುಬಿಟ್ಟಿದ್ದೆ.

ಅರಕಲಗೂಡಿಗೆ ಒಂದು ಗಂಟೆಯ ದಾರಿ. ಮೋಡ ಕವಿದಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನ್ ಸಾ, ಫಾರಿನ್ನೋರ್‍ನ ಕರ್ಕಂಡು ಎತ್ಲಾಗ್ ಒಂಟ್ರಿ?" ಎಂದ. "ನಮ್ ಪರದೆ ನೋಡಕ್ಕೆ" ಎಂದೆ, ಇಡೀ ಬಸ್ಸಿಗೆ ಕೇಳುವಂತೆ.

ಆ ನಾಟಕದವರ ತಾಲೀಮಿನ ಮನೆಯಲ್ಲಿ, ಇನ್ನೂ ಅವರ ಬಳಿಯೇ ಇದ್ದ ಪರದೆ ಇಳಿಬಿಟ್ಟಿದ್ದರು. ಆಂದ್ರಾಶ್ ಅದರ ಮುಂದೆ ಕುಣಿಯುವುದೊಂದು ಬಾಕಿ. "ಮೂರು ಗೆರೆ! ಪೂರಾ ಕಾಡು!" ಎಂದು ನನ್ನ ಬೆನ್ನು ತಟ್ಟಿದರು. ಹಾರ್ಮೋನಿಯಂ ಮೇಷ್ಟ್ರು ರಾಗಿರೊಟ್ಟಿ ಮುರಿಯುತ್ತಾ, "ನೀನ್ ಬ್ರಶ್ ಇಡ್ದಿದ್ನ ನಾವ್ ಕಂಡೇ ಇಲ್ವಲ್ಲಯ್ಯಾ, ಕನಸಲ್ ಬರ್ದಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನ ಹೊಳೆನರಸೀಪುರದ ನನ್ನ ಉಗ್ರಾಣದಲ್ಲಿ ಅವರು ಕೇಳಿದ್ದು ಒಂದೇ: "ಬ್ರಶ್ ತೋರಿಸಿ." ಅಲ್ಲಿದ್ದದ್ದು ಹಗ್ಗ, ಬಿದಿರು, ಸುತ್ತಿಟ್ಟ ಪರದೆಗಳು. ಎರಡು ಸಲ ಕೇಳಿದರು. ಮೂರನೆಯ ಸಲ ಕೇಳುವ ಮೊದಲು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. "ತಂಗಿ ಎಲ್ಲಿ? ಬಸ್ ಎಷ್ಟು ಗಂಟೆಗೆ?" ಎಂದು ಚೀಲ ಹೆಗಲಿಗೇರಿಸಿದರು. ತಂಗಿಯ ಊರಾದ ಚನ್ನರಾಯಪಟ್ಟಣದ ಬಸ್ಸು ಹೇಮಾವತಿ ಸೇತುವೆ ದಾಟುವಾಗ ಮಾತ್ರ ಹೇಳಿದರು: "ಪ್ಯಾರಿಸ್‌ನಲ್ಲಿ ಆರು ವರ್ಷ ಸೆಟ್ ಮಾಡಿದ್ದು ನಾನು, ಹೆಸರು ನಾಟಕಶಾಲೆಯ ಯಜಮಾನನದು. ಬಿಟ್ಟು ಬರ್ಲಿನ್‌ಗೆ ಹೋದೆ. ಆಮೇಲೆ ಅವನು ಪತ್ರ ಬರೆದ. ನಾನು ಒಡೆಯಲಿಲ್ಲ. ನೀವು ಎದುರಿಗೆ ನಿಂತು ಹೇಳಿ."

ಜಯಮ್ಮ ಜಗಲಿಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. "ಬತ್ತೀನಿ ಅಂತ ಒಂದ್ ಫೋನ್ ಮಾಡ್ಬಾರ್ದಾ ಅಣ್ಣಯ್ಯ?" ಎಂದು ಎದ್ದಳು. ಹೆಸರಿನ ವಿಷಯ, ಫೋನಿನ ಸುಳ್ಳು, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಅವಳು ಸೂಜಿಯಿಂದ ನೂಲು ಬಿಡಿಸುತ್ತಾ ಕೇಳಿಸಿಕೊಂಡಳು.

"ಗೊತ್ತು ಕಣಣ್ಣಯ್ಯ. ಒಂದ್ಸಲ ನಾಟಕಕ್ ಓಗಿದ್ದಾಗ ಮಗಳಿಗೆ ತೋರ್‍ಸಿ, ನಾನ್ ಬರ್ದಿದ್ದು ಅಂದೆ. 'ಸುಳ್ಳೇಳ್ಬ್ಯಾಡಮ್ಮ, ಮಾವನ್ ಎಸ್ರೈತೆ' ಅಂದ್ಳು. ಆಮ್ಯಾಕೆ ನಾನ್ ಯಾರ್‍ಗೂ ಏಳ್ಲಿಲ್ಲ."

ಆಂದ್ರಾಶ್ ಮುಂದೆ ಬಂದು ಕೈಮುಗಿದು, ಹೊಸ ನಾಟಕಕ್ಕೆ ಪರದೆ ಬರೆಯಬೇಕು, ಮೂಲೆಯಲ್ಲಿ ನಿಮ್ಮ ಹೆಸರೇ ಇರಬೇಕು ಎಂದರು.

"ಅದೆಲ್ಲಾ ಆಮ್ಯಾಕೆ ಸಾ. ಬರ್ದು ಬಾಳ ದಿನ ಆಯ್ತು, ಮೊದ್ಲು ಕೈ ಓಡ್ತದಾ ನೋಡ್ಬೇಕು" ಎಂದು ಲೈನಿಂಗ್ ಬಟ್ಟೆಯ ಥಾನನ್ನು ನೆಲದ ಮೇಲೆ ಉರುಳಿಸಿದಳು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ತೆಗೆದುಕೊಂಡು ಮಂಡಿಯೂರಿ ಒಂದು ಗೆರೆ ಎಳೆದಳು. ಆಂದ್ರಾಶ್ ಬಟ್ಟೆಯ ಇನ್ನೊಂದು ತುದಿ ಹಿಡಿದು, ಸಣ್ಣ ಹುಡುಗನ ಹಾಗೆ ನಗುತ್ತಾ ಕೂತರು.

ಐದೂವರೆಗೆ ನನ್ನ ಬಸ್ಸು. ಹೊರಟೆ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಕಾಲೇಜಿನಿಂದ ಬಂದ ಮಗಳು ಚಪ್ಪಲಿಯನ್ನೂ ಬಿಚ್ಚದೆ ಮೆಟ್ಟಿಲಲ್ಲಿ ನಿಂತು, ಅಮ್ಮನ ಕೈಯನ್ನೇ ನೋಡುತ್ತಿದ್ದಳು.