ಟ್ರಿಪ್ ಆಗದ ಬ್ರೇಕರ್

ಸಬ್ ಸ್ಟೇಷನ್ನಿನ ಇಂಜಿನಿಯರರಿಗೆ ರಿಲೇ ಪಾಠ ಹೇಳುವುದು ನನ್ನ ಕೆಲಸ. ಲೈನಿನಲ್ಲಿ ದೋಷ ಕಂಡ ಕೂಡಲೇ ಬ್ರೇಕರನ್ನು ಬೀಳಿಸಿ, ಅಂದರೆ ಟ್ರಿಪ್ ಮಾಡಿ, ಕರೆಂಟ್ ಕಡಿಯುವ ಸಾಧನವೇ ರಿಲೇ. ದೋಷವಿರುವ ಲೈನು ಮೊದಲು ಬೀಳಬೇಕು, ಹಿಂದಿನ ಮೇನ್ ಬ್ರೇಕರ್ ಕಾಯಬೇಕು. ಎಷ್ಟು ಕರೆಂಟ್ ಹರಿದರೆ ಬೀಳಬೇಕೆಂಬ ಸೆಟ್ಟಿಂಗನ್ನು ಹಾಗೆ ಲೆಕ್ಕ ಹಾಕಿ ಹೊಂದಿಸಬೇಕು. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಕಳೆದ ಕಬ್ಬು ಕಟಾವಿನ ಕಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಇಂಜಿನಿಯರರನ್ನು ಅಫಜಲಪುರದ ಕಡೆಯ ಒಂದು ಸಬ್ ಸ್ಟೇಷನ್ನಿನಲ್ಲಿ ಕೂಡಿಸಿದ್ದರು. ಆಳಂದದವರು ತಡವಾಗಿ ಬಂದರು. ಭೂಸನೂರಿನ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳಂತೆ. ಬಂದವರು ಕೂತರು, ಕೂತವರು ಮೊಬೈಲ್ ತೆಗೆದರು. ನಾನು ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರೆ ಹಿಂದಿನಿಂದ ಒಬ್ಬರು ಕೇಳಿದರು, “ಸರ್, ಸರ್ಟಿಫಿಕೇಟ್ ಇವತ್ತೇ ಕೊಡ್ತೀರೇನ್ರಿ?”

ಜೇವರ್ಗಿಯಿಂದ ಬಂದ ಮಹಿಳಾ ಇಂಜಿನಿಯರ್ ಒಬ್ಬರೇ ಕಿವಿಗೊಟ್ಟಿದ್ದರು. ಆಕೆಯದೋ ಮಾತು ಮಾತಿಗೂ ತಕರಾರು.

“ನೀವ್ ಹೇಳಿದಂಗ ಸೆಟ್ ಮಾಡಿದ್ರ ನಮ್ಮ ಕೊಳಕೂರ ಲೈನ್ ತಾಳೂದೇ ಇಲ್ರಿ ಸರ್. ತ್ರೀ ಫೇಸ್ ಕೊಟ್ಟ ಕೂಡಲೇ ಎಲ್ಲಾ ಪಂಪ್ ಒಮ್ಮೆಲೇ ಚಾಲೂ ಆಗ್ತಾವ. ಎಲ್ಲಾರೂ ಆಟೋ ಸ್ಟಾರ್ಟರ್ ಹಾಕ್ಯಾರ್ರಿ.”

“ಆಗ ಏನು ಮಾಡ್ತೀರಿ?”

ಆ ಸಬ್ ಸ್ಟೇಷನ್ನಿನ ಹೊಣೆ ಹೊತ್ತಿದ್ದ ಅಫಜಲಪುರದ ಇಂಜಿನಿಯರ್ ನಗುತ್ತ ನಡುವೆ ಬಾಯಿ ಹಾಕಿದರು. “ನಾವಂತೂ ಸೆಟ್ಟಿಂಗ್ ಏರಿಸ್ತೇವ್ರಿ. ಟ್ರಿಪ್ಪಿಂಗ್ ಖಲಾಸ್.”

ನನಗೆ ಮೈ ಉರಿಯಿತು. “ಕಾವಲಿಗೆ ಇಟ್ಟವನ ಕಣ್ಣಿಗೇ ಬಟ್ಟೆ ಕಟ್ಟಿದ್ದೀರಿ” ಎಂದೆ. ಆತ ತಲೆಯಾಡಿಸಿ ಮತ್ತೆ ಮೊಬೈಲ್ ನೋಡತೊಡಗಿದರು.

ಚಹಾ ಬರುವ ಹೊತ್ತಿಗೆ ಪ್ರೊಜೆಕ್ಟರ್ ಆರಿತು, ಫ್ಯಾನ್ ನಿಂತಿತು. ಎಲ್ಲರೂ ಪಕ್ಕದ ಕಂಟ್ರೋಲ್ ರೂಮಿಗೆ ಓಡಿದೆವು. ಮೇನ್ ಬ್ರೇಕರ್ ಬಿದ್ದಿತ್ತು. ಲೈನುಗಳ ಬ್ರೇಕರುಗಳಲ್ಲಿ ಒಂದೂ ಬಿದ್ದಿರಲಿಲ್ಲ. ದೋಷ ಯಾವ ಲೈನಿನದೆಂದು ಹೇಳುವಂತಿರಲಿಲ್ಲ. ಅಷ್ಟರಲ್ಲಿ ಅಫಜಲಪುರದವರ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು.

“ಒಮ್ಮೆ ಹಾಕಿ ನೋಡ್ತೇನ್ರಿ” ಎಂದು ಆತ ಮೇನ್ ಸ್ವಿಚ್ಚಿಗೆ ಕೈ ಚಾಚಿದರು.

ನಾನು ಬಾಯಿ ತೆರೆಯುವ ಮೊದಲೇ ಜೇವರ್ಗಿಯಾಕೆ ಅಡ್ಡ ನಿಂತರು. “ತಡೀರಿ! ಮೊದಲ ಲೈನ್‌ಮನ್‌ಗೆ ಕೇಳ್ರಿ. ತಂತಿ ಎಲ್ಲಿ ಬಿದ್ದದೋ ಏನೋ.”

“ಮೇಡಂ, ಫೋನ್ ಮ್ಯಾಲೆ ಫೋನ್ ಬರಾಕತ್ತಾವ್ರಿ.”

“ಬರ್ಲಿ.”

ಆತ ಅಲ್ಲಿಂದ ಹೊರಡುವ ಒಂದೊಂದೇ ಲೈನಿನ ಲೈನ್‌ಮನ್‌ಗೆ ಫೋನ್ ಮಾಡಿದರು; ಕರಜಗಿ ಲೈನಿನವನು ಕೊನೆಗೂ ಸಿಕ್ಕ. ಅವನ ಕೂಗು ನಮಗೆಲ್ಲ ಕೇಳಿಸಿತು. “ಹಾಕಬ್ಯಾಡ್ರಿ ಸಾಹೇಬ್ರ! ಕಬ್ಬಿನ ಟ್ರ್ಯಾಕ್ಟರ್ ಕಂಬಕ್ಕ ಬಡದು ತಂತಿ ಒಂದಕ್ಕೊಂದು ಕೂಡ್ಯಾವ. ಒಂದು ಹರದು ಹೊಲದಾಗ ಬಿದ್ದದ, ನೀರು ಹಾಯ್ಸೋ ಮಂದಿ ಅಲ್ಲೇ ನಿಂತಾರ್ರಿ.”

ಅಫಜಲಪುರದವರು ಕೈ ಹಿಂದಕ್ಕೆ ತೆಗೆದುಕೊಂಡು ಸ್ಟೂಲಿನ ಮೇಲೆ ಕುಸಿದರು. ಬೈಯಬೇಕೆಂದಿದ್ದ ನಾನು ಆ ಮುಖ ನೋಡಿ ಬ್ರೇಕರುಗಳ ಕಡೆ ತಿರುಗಿದೆ.

ಕರಜಗಿ ಲೈನನ್ನು ಬೇರ್ಪಡಿಸಿ ಉಳಿದವಕ್ಕೆ ಕರೆಂಟ್ ಕೊಟ್ಟೆವು. ಆಮೇಲೆ ಟೆಸ್ಟಿಂಗ್ ಕಿಟ್ ಜೋಡಿಸಿ ಆ ಲೈನಿನ ರಿಲೇಗೆ ಕರೆಂಟ್ ಹಾಯಿಸಿದೆವು. ಮೇನ್ ಬೀಳುವಷ್ಟು ಕೊಟ್ಟರೂ ಅದು ಅಲ್ಲಾಡಲಿಲ್ಲ, ಅಷ್ಟು ಏರಿಸಿಟ್ಟಿದ್ದರು. ಮಧ್ಯಾಹ್ನವೆಲ್ಲ ಪಂಪುಗಳ ಲೋಡಿನ ಲೆಕ್ಕ, ವಾದ, ಮತ್ತೆ ಲೆಕ್ಕ. ಮೊಬೈಲುಗಳು ಜೇಬಿನಲ್ಲೇ ಇದ್ದವು. ಸಂಜೆಗೆ ಸರಿಯಾದ ಸೆಟ್ಟಿಂಗ್ ಇಟ್ಟು ಎದ್ದೆವು.

ಕೆಲವೇ ದಿನಗಳಲ್ಲಿ ಅಫಜಲಪುರದವರ ಫೋನು. “ಸರ್, ಕರಜಗಿ ಲೈನ್ ದಿನಾ ಟ್ರಿಪ್ ಆಗಾಕತ್ತದ. ರೈತರು ಬಂದು ಬಾಗಿಲಾಗ ಕುಂತಾರ್ರಿ. ಏರಿಸ್ಲೇನ್ರಿ?”

“ಅವತ್ತು ಆದದ್ದು ಇಷ್ಟು ಬೇಗ ಮರೆತುಹೋಯ್ತೇನ್ರಿ?” ಎಂದು ಸಿಡಿದೆ.

“ಮರತಿದ್ರ ಕೇಳ್ತಿದ್ದಿಲ್ರಿ, ಏರಿಸೇ ಬಿಡ್ತಿದ್ದೆ.”

ಆ ಫೋನ್ ಇಟ್ಟವನೇ ಜೇವರ್ಗಿಯಾಕೆಗೆ ಫೋನ್ ಮಾಡಿದೆ. ಆಕೆ ಕೊಳಕೂರಿನಲ್ಲಿ ಅಷ್ಟು ಹೊತ್ತಿಗಾಗಲೇ ರೈತರನ್ನು ಒಪ್ಪಿಸಿ, ಪಂಪುಗಳು ಒಂದರ ಹಿಂದೊಂದು ಶುರುವಾಗುವಂತೆ ಸ್ಟಾರ್ಟರುಗಳಿಗೆ ಟೈಮರ್ ಹಾಕಿಸುತ್ತಿದ್ದರು. ಅವರನ್ನೂ ಕರೆದುಕೊಂಡು ಕರಜಗಿಗೆ ಹೋದೆ. ಅಲ್ಲಿ ಪಾಠ ಇನ್ನೂ ಕಷ್ಟ.

“ನಮ್ಮ ಪಂಪೇ ಯಾಕ್ರಿ ಹಿಂದ ಚಾಲೂ ಆಗ್ಬೇಕು?” ಎಂದರು ಒಬ್ಬರು. ಪ್ರತಿಯೊಬ್ಬರದೂ ಅದೇ ಪ್ರಶ್ನೆ. ಟೈಮರ್ ಒಳ್ಳೆಯದೆಂದು ಎಲ್ಲರೂ ಒಪ್ಪಿದರು, ಆದರೆ ಪಕ್ಕದ ಹೊಲದವನಿಗೆ. ಕೂಗಿ ಕೂಗಿ ನನಗೆ ಸಾಕಾಯಿತು. ಆಕೆ ಮಾತ್ರ ಬೇಸರಿಸದೆ ಒಬ್ಬೊಬ್ಬರ ಪಕ್ಕ ಕೂತು ಮಾತಾಡಿದರು.

ಎಲ್ಲರೂ ಹಾಕಿಸಲಿಲ್ಲ. ಹಾಕಿಸಿದಷ್ಟಕ್ಕೇ ಲೈನು ಹೆಚ್ಚುಕಡಿಮೆ ತಾಳುತ್ತಿದೆ. ಬಿದ್ದಾಗಲೆಲ್ಲ ಅಫಜಲಪುರದವರು ನನಗೆ ಫೋನ್ ಮಾಡುತ್ತಾರೆ, ನಾನು ಸಿಡುಕುತ್ತೇನೆ. ಸೆಟ್ಟಿಂಗನ್ನು ಮಾತ್ರ ಆತ ಮುಟ್ಟಿಲ್ಲ.