ಬಲಗಾಲಿನ ಅಟ್ಟೆ

ನಮ್ಮ ಬೆನ್ನು ಡಾಕ್ಟರು ರೋಗಿಯ ಮುಖಕ್ಕಿಂತ ಮೊದಲು ಅವನ ಶೂ ನೋಡುತ್ತಿದ್ದರು. ಬೋರ್ಡಿನ ಮೇಲೆ ಕೈರೋಪ್ರಾಕ್ಟರ್ ಎಂದು ಬರೆಸಿದ್ದರೂ ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಬೆನ್ನೆಲುಬನ್ನು ಬರಿಗೈಯಲ್ಲಿ ಒತ್ತಿ ಸರಿಮಾಡುತ್ತಿದ್ದುದರಿಂದ ಎಲ್ಲರಿಗೂ ಬೆನ್ನು ಡಾಕ್ಟರೇ. ಪಕ್ಕದ ಮಳಿಗೆ ನನ್ನದು, ಚಪ್ಪಲಿ ಮತ್ತು ಶೂ ರಿಪೇರಿ. ನಡುವೆ ತೆಳುಗೋಡೆ. ಅಲ್ಲಿ ಬೆನ್ನು ಲಟಕ್ಕೆಂದರೆ ನನಗೆ ಕೇಳಿಸುತ್ತಿತ್ತು, ನನ್ನ ಸುತ್ತಿಗೆ ಸದ್ದು ಅವರಿಗೆ.

ಬಂದವರ ಶೂ ಬಿಚ್ಚಿಸಿ, ಮಗುಚಿ ಹಿಡಿದು, ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡುವರು. "ಬೆನ್ನು ಅಂದ್ರೆ ಬರೀ ಬೆನ್ನಲ್ಲ ಕಣಯ್ಯ. ತಲೆಯಿಂದ ಕಾಲಿನ ತನಕ ಎಲ್ಲಾ ಒಂದಕ್ಕೊಂದು ಸೇರ್ಕೊಂಡಿದೆ," ಎನ್ನುವರು. ಅನುಮಾನ ಬಂದಾಗ ಗೋಡೆ ತಟ್ಟಿ ನನ್ನನ್ನೂ ಕರೆಯುವರು. ಹತ್ತು ವರ್ಷದಲ್ಲಿ ನಾನೂ ಅರ್ಧ ಡಾಕ್ಟರಾಗಿದ್ದೆ, ಹೆಂಡತಿಯ ಮುಂದಾದರೂ. ಶೂವಿನ ಮೊನೆ ಸವೆದಿದ್ದರೆ, ಅಂದರೆ ಪಾದ ನೆಲಕ್ಕೆ ಎಳೆಯುತ್ತಿದ್ದರೆ, ಅವರು ಮೈ ಮುಟ್ಟುತ್ತಲೇ ಇರಲಿಲ್ಲ. ಕಡ್ಡಿ ಮುರಿದಂತೆ ಹೇಳಿಬಿಡುವರು: "ಇದು ನರದ್ದು, ನನ್ನ ಕೈಯಲ್ಲಿ ಆಗಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ."

ಡಾಕ್ಟರ ಶೂಗಳನ್ನು ನನ್ನ ಬಳಿ ತರುತ್ತಿದ್ದುದು ಅವರ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಹೋದ ವರ್ಷ ಬಲಗಾಲಿನದು ಮೊನೆ ಸವೆದು ಬಂತು. ಸವೆದದ್ದನ್ನು ಕತ್ತರಿಸಿ, ಹೊಸ ರಬ್ಬರ್ ಅಂಟಿಸಿ, ಪಾಲಿಶ್ ಮಾಡಿ ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಜಗತ್ತಿಗೆಲ್ಲ ಶೂ ನೋಡಿ ಹೇಳುವವರಿಗೆ ನಾನು ಹೇಳುವುದೇ? ಅವರಿಗೆ ಗೊತ್ತೇ ಇರುತ್ತದೆ, ರೋಗಿಗಳ ಕಣ್ಣಿಗೆ ಬೀಳಬಾರದು ಎಂದು ಸುಮ್ಮನಿದ್ದಾರೆ ಎಂದುಕೊಂಡೆ. ನಾಲ್ಕನೆಯ ಸಲ ಇನ್ನೂ ದಪ್ಪ ರಬ್ಬರು ಹಾಕಿದೆ, ಜೋಡಣೆಯ ಗೆರೆಯೂ ಕಾಣದ ಹಾಗೆ. ನನ್ನ ಕೈಚಳಕಕ್ಕೆ ನಾನೇ ಬೀಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಗೋಡೆಯಾಚೆ ದಡಾರೆಂದಿತು. ಓಡಿದೆ. ರೋಗಿ ಮಂಚದ ಮೇಲೆ ಬೋರಲು ಮಲಗಿಯೇ ಇದ್ದ, ಡಾಕ್ಟರು ನೆಲದ ಮೇಲಿದ್ದರು. ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಬೆನ್ನೆಲುಬಿನೊಳಗೆ ಗಡ್ಡೆ ಬೆಳೆದು ನರವನ್ನು ಒತ್ತುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಆಪರೇಷನ್ ಮಾಡಿ ತೆಗೆದರು. "ಮೊದಲೇ ಬಂದಿದ್ರೆ ಕಾಲು ಉಳೀತಿತ್ತು. ಈಗ ನಡೀತಾರೋ ಇಲ್ವೋ, ಹೇಳೋಕಾಗಲ್ಲ," ಎಂದರು ಸರ್ಜನ್.

ಅವರು ಹೋದ ಮೇಲೆ ಡಾಕ್ಟರು ನನ್ನತ್ತ ತಿರುಗಿದರು. "ಒಂದು ತಿಂಗಳಿಂದ ಕಾಲು ಭಾರ ಅನ್ನಿಸ್ತಿತ್ತು ಕಣಯ್ಯ. ಶೂ ಮಗುಚಿ ನೋಡ್ಕೊಂಡೆ. ಸರಿಯಾಗೇ ಇತ್ತಲ್ಲ?"

ಅಂದರೆ ಅವರಿಗೆ ಗೊತ್ತೇ ಇರಲಿಲ್ಲ.

ಚೂರುಪಾರು ರಬ್ಬರನ್ನು ನಾನು ಎಸೆಯುವವನಲ್ಲ. ಮರುದಿನ ಡಬ್ಬದಿಂದ ಆ ನಾಲ್ಕು ತುಂಡುಗಳನ್ನು ಹುಡುಕಿ ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಡಾಕ್ಟರು ಅವನ್ನು ಹೊದಿಕೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿದರು.

"ಮೊದಲನೇದು ಯಾವಾಗ?"

"ಎಂಟು ತಿಂಗಳಾಯ್ತು ಡಾಕ್ಟ್ರೇ. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ."

ಮಂಚದ ಪಕ್ಕ ಕೂತಿದ್ದ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

"ಹಾಳಾದವನೇ," ಎಂದರು ಡಾಕ್ಟರು ಕೊನೆಗೆ. "ಇಷ್ಟು ಚೆನ್ನಾಗಿ ಕೆಲಸ ಮಾಡ್ಬಾರದಿತ್ತು ಕಣೋ." ನಗಲು ನೋಡಿದರು, ಆಗಲಿಲ್ಲ. ನಾನು ಅವರ ಬಲಪಾದ ಹಿಡಿದು ಅತ್ತುಬಿಟ್ಟೆ. ನಾನು ಹಿಡಿದುಕೊಂಡದ್ದು ಆ ಪಾದಕ್ಕೆ ತಿಳಿಯಲೂ ಇಲ್ಲ.

"ಹೊಸ ಶೂ ಮಾಡ್ಕೊಡು. ಸವೆದ್ರೆ ಮುಚ್ಚಬೇಡ, ಬಂದು ಹೇಳು," ಎಂದರು.

ಮಾಡಿಕೊಟ್ಟು ಆರು ತಿಂಗಳಾಯಿತು. ಪ್ರತಿ ಭಾನುವಾರ ಹೋಗಿ ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗಾಲಿನ ಶೂ ಬಿಚ್ಚಿ ಮಗುಚುತ್ತೇನೆ. ಅಟ್ಟೆಯ ಮೇಲೆ, ಅದನ್ನು ಉಜ್ಜಿ ನಯಮಾಡಿದ ನನ್ನ ಅರದ ಗೀರುಗಳು ಹಾಗೇ ಇವೆ.

"ಏನಂತೆ?" ಎಂದು ಕೇಳುತ್ತಾರೆ.

"ಇನ್ನೂ ಒಂಚೂರೂ ಸವೆದಿಲ್ಲ ಡಾಕ್ಟ್ರೇ," ಎನ್ನುತ್ತೇನೆ.