ಕೋಟೆ ಬಾಗಿಲು ತೆಗೆದವನ ವಂಶದವಳು

ಯುದ್ಧದ ಅಧ್ಯಾಯ ಓದುವಾಗ ಅತ್ಯಾಳ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಕುದುರೆ ಏರಿದವರು ಪುಸ್ತಕದೊಳಗಿನವರು, ಏದುಸಿರು ಮಾತ್ರ ಇವಳಿಗೆ. ಕುತ್ತಿಗೆಯ ನರ ಉಬ್ಬಿ, ಕಿವಿಯ ಬೆಂಡೋಲೆ ಅಲುಗಾಡಿ, ಹಣೆಯ ಕುಂಕುಮ ಬೆವರಿನೊಂದಿಗೆ ಮೂಗಿನ ಮೇಲೆ ಇಳಿದರೂ ಒರೆಸಿಕೊಳ್ಳುವ ಪರಿವೆ ಅವಳಿಗಿರುತ್ತಿರಲಿಲ್ಲ. ನಡುವೆ ಯಾರಾದರೂ ಕೆಮ್ಮಿದರೆ ಪುಸ್ತಕದ ಅಂಚಿನ ಮೇಲಿಂದ ಒಂದು ನೋಟ ಬೀರುತ್ತಿದ್ದಳು. ಕೆಮ್ಮು ತಾನಾಗಿ ನಿಲ್ಲುತ್ತಿತ್ತು.

ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಪುಣೆಯ ಸದಾಶಿವ ಪೇಟೆಯಲ್ಲಿ, ನಡುವೆ ಅಂಗಳ, ಸುತ್ತ ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ನಾವು ಬಾಡಿಗೆಗೆ ಇದ್ದೆವು. ನನ್ನ ಅಜ್ಜ ಸರಕಾರಿ ಕಚೇರಿಯ ಕಾರಕೂನಿಕೆಗೆಂದು ಧಾರವಾಡದ ಕಡೆಯಿಂದ ಬಂದು ಅಲ್ಲಿಯೇ ನೆಲೆ ನಿಂತವರು. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ಮರಾಠಿ. ಮಧ್ಯಾಹ್ನದ ಊಟ ಮುಗಿದ ಮೇಲೆ ವಾಡೆಯ ಹೆಂಗಸರು ಅಕ್ಕಿ ಆರಿಸುತ್ತ, ಹೂಬತ್ತಿ ಹೊಸೆಯುತ್ತ ಅಂಗಳದಲ್ಲಿ ಕೂತರೆ, ಅತ್ಯಾ ಅವರಿಗೆ ಐತಿಹಾಸಿಕ ಕಾದಂಬರಿ ಓದಿ ಹೇಳಬೇಕು. ಅವಳಿಗಾಗ ಹದಿನಾರು ಹದಿನೇಳು ವಯಸ್ಸು. ಸಂಜೆ ಅದೇ ಕಥೆಯನ್ನು, ಮರಾಠಿ ಅಷ್ಟಾಗಿ ತಿಳಿಯದ ನನ್ನ ಅಜ್ಜಿಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದಳು. ಚಿಕ್ಕವಳಾಗಿದ್ದ ನಾನು ಎರಡೂ ಸಲ ಕೇಳುತ್ತಿದ್ದೆ. ಕನ್ನಡದಲ್ಲಿ ಹೇಳುವಾಗ ರಾಜರು ಸ್ವಲ್ಪ ಬೈಸಿಕೊಳ್ಳುತ್ತಿದ್ದರು.

ಓದಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುವ ಜಾತಿ ಅವಳದಲ್ಲ. ಒಂದು ಕಾದಂಬರಿಯಲ್ಲಿ ಕೋಟೆಗೆ ಶತ್ರುಗಳ ಮುತ್ತಿಗೆ ಬಿದ್ದಿತ್ತು, ಒಳಗೆ ಅನ್ನಕ್ಕೂ ಗತಿಯಿರಲಿಲ್ಲ, ಆದರೂ ರಾಣಿ ಅಧ್ಯಾಯಕ್ಕೊಮ್ಮೆ ಮಲ್ಲಿಗೆ ಮುಡಿಯುತ್ತಿದ್ದಳು. ಅತ್ಯಾ ಪುಸ್ತಕ ಮುಚ್ಚಿ ಅಜ್ಜಿಯನ್ನು ಕೇಳಿದಳು: "ಅಲ್ಲವಾ, ಹೊರಗ ಇಲಿ ಸೈತ ಹೋಗೂಹಂಗಿಲ್ಲ. ಈಕಿಗೆ ಹೂ ಯಾರು ತಂದು ಕೊಡ್ತಾರ?"

"ಗುಡಿಯಾಗಿನ ಗಿಡದ್ದಿರಬೇಕು ತಗೋ," ಎಂದರು ಅಜ್ಜಿ.

"ಹಂಗಾದ್ರ ಗಿಡದ ಸುದ್ದಿ ಬರೀಬೇಕಿಲ್ಲೋ? ರಾಜನ ಹೆಸರೊಂದು ಖರೆ ಇದ್ರ ಸಾಕೇನು? ಹಸಿವಿ ಖರೆ ಇರಬೇಕು, ಹಾದಿ ಖರೆ ಇರಬೇಕು. ಇಲ್ಲಾಂದ್ರ ಅದು ಬರೇ ವೇಷ."

ಐತಿಹಾಸಿಕ ಕಾದಂಬರಿ ಎಂದರೇನು ಎಂದು ದೊಡ್ಡ ದೊಡ್ಡವರು ಸಭೆಗಳಲ್ಲಿ ಗಂಟಲು ಹರಿದುಕೊಂಡದ್ದನ್ನು ಆಮೇಲೆ ಬಹಳ ಕೇಳಿದ್ದೇನೆ. ಅಕ್ಕಿ ಆರಿಸುವ ಮೊರದ ಪಕ್ಕದಲ್ಲಿ ಕೇಳಿದ ಈ ಮಾತಿಗಿಂತ ಹೆಚ್ಚಿನದು ಅಲ್ಲಿ ಸಿಗಲಿಲ್ಲ.

ನಮ್ಮ ವಾಡೆಯ ಮಹಡಿಯ ಮೇಲೆಯೇ ಒಬ್ಬ ಮರಾಠಿ ಕಾದಂಬರಿಕಾರರಿದ್ದರು. ಹೊಟ್ಟೆಪಾಡಿಗೆ ಮಾಸ್ತರಿಕೆ, ಉಳಿದ ಹೊತ್ತೆಲ್ಲ ಕೋಟೆ ಗೆಲ್ಲಿಸುವುದು, ಕೋಟೆ ಸೋಲಿಸುವುದು. ನಮ್ಮ ಅಜ್ಜಿಯ ಶೇಂಗಾ ಹೋಳಿಗೆ ಎಂದರೆ ಅವರಿಗೆ ಪ್ರಾಣ. ಒಮ್ಮೆ ತುಪ್ಪದ ಕೈಯಲ್ಲೇ ಅಜ್ಜನನ್ನು ಕೇಳಿದರಂತೆ, ನಿಮ್ಮ ಕಡೆ ಹಿಂದೆ ಕೋಟೆ ಕಾಯುತ್ತಿದ್ದ ಮನೆತನಗಳ ಹೆಸರು ಹೇಗಿರುತ್ತಿದ್ದವು ಎಂದು. ಅಜ್ಜ ನಾಲ್ಕಾರು ಅಡ್ಡಹೆಸರು ಹೇಳಿ, ಕೊನೆಗೆ ನಾಚುತ್ತ ನಮ್ಮದನ್ನೂ ಸೇರಿಸಿದರು. ನಮ್ಮ ವಂಶದಲ್ಲಿ ಕೋಟೆ ಕಂಡವರೇ ಇರಲಿಲ್ಲ, ಎಲ್ಲರೂ ಲೆಕ್ಕ ಬರೆದವರು. ಪುಸ್ತಕದಲ್ಲಾದರೂ ಒಬ್ಬ ಕತ್ತಿ ಹಿಡಿಯಲಿ ಎಂಬ ಆಸೆ ಅವರಿಗಿದ್ದಿರಬೇಕು.

ಕಾದಂಬರಿ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬರತೊಡಗಿತು. ಒಂದು ಮಧ್ಯಾಹ್ನ ಅತ್ಯಾ ಓದುತ್ತಿದ್ದಳು, ಎಲ್ಲರ ಕೈಗಳೂ ಮೊರದ ಮೇಲೆ ನಿಂತಿದ್ದವು. ಕೋಟೆಯ ಹಿಂಬಾಗಿಲ ಕಾವಲಿನವನೊಬ್ಬ, ಕರ್ನಾಟಕದ ಕಡೆಯವನು, ಚಿನ್ನದ ಆಸೆಗೆ ಶತ್ರುವಿಗೆ ಅಗಳಿ ತೆಗೆಯುತ್ತಾನೆ. ಅವನ ಅಡ್ಡಹೆಸರು ನಮ್ಮದು. ಅತ್ಯಾ ಅದನ್ನೂ ಅದೇ ಆವೇಶದಲ್ಲಿ ಓದಿದಳು. ಆಮೇಲಿನ ಕಂತಿನಲ್ಲಿ ಅವನನ್ನು ಹಿಡಿದು ಕಡಿದಾದ ಬಂಡೆಯ ಮೇಲಿಂದ ಕೆಳಕ್ಕೆ ತಳ್ಳಿದಾಗ ಹೆಂಗಸರೆಲ್ಲ ಸಮಾಧಾನದ ಉಸಿರು ಬಿಟ್ಟರು, ಅವರ ಜೊತೆ ಅತ್ಯಾ ಕೂಡ. "ನಿಮ್ಮವನೇ ಏನೇ?" ಎಂದು ಯಾರೋ ಚೇಷ್ಟೆ ಮಾಡಿದರು. ಅವಳು ನಕ್ಕಳು. ಪುಸ್ತಕದಲ್ಲಿ ನಮ್ಮ ಹೆಸರು ಬಂತೆಂದು ಅಜ್ಜನ ಮುಂದೆ ಹೇಳಿ ಕುಣಿದಳು ಸಹ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮಗೂ ಆ ಪುಸ್ತಕ ನೆನಪಾಗುತ್ತದೆ.

ಪುಸ್ತಕವಾಗಿ ಬಂದಾಗ ಅದಕ್ಕೊಂದು ಮುನ್ನುಡಿ ಸೇರಿತು. ಇದರ ಒಂದೊಂದು ಪಾತ್ರಕ್ಕೂ ಇತಿಹಾಸದ ಆಧಾರ ಉಂಟೆಂದು ಕಾದಂಬರಿಕಾರರು ಎದೆ ತಟ್ಟಿ ಬರೆದಿದ್ದರು. ಪುಸ್ತಕ ಮನೆಮನೆಗೆ ಹೋಯಿತು. ಅದೇ ವರ್ಷ ಅತ್ಯಾಳಿಗೆ ಬೆಳಗಾವಿಯ ಕಡೆಯ ಒಂದು ಮನೆತನದಲ್ಲಿ ಸಂಬಂಧ ಗೊತ್ತಾಗಿತ್ತು. ವರ ವಕೀಲಿ ಓದಿದವನು. ಅವನು ನೋಡಲು ಬಂದಾಗ ಅತ್ಯಾ ಬಾಗಿಲ ಸಂದಿಯಿಂದ ಅವನನ್ನು ನೋಡಿ, ಒಳಗೆ ಬಂದು ನನ್ನ ಕೆನ್ನೆ ಹಿಂಡಿದ್ದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮತ್ತೆಂದೂ ನೋಡಲಿಲ್ಲ. ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ ಮಧ್ಯಸ್ಥಿಕೆಯವರು ಬಂದು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು.

"ಹುಡುಗಿ ಭಾಳ ಛಲೋ ಅದಾಳ್ರಿ. ಜಾತಕಾನೂ ಕೂಡ್ಯದ," ಎಂದರು. "ಆದ್ರ ಹುಡುಗನ ಅಜ್ಜಿ ಆ ಪುಸ್ತಕಾ ಓದಿಸಿ ಕೇಳ್ಯಾರ. ಉಂಡ ಮನಿಗೆ ಎರಡು ಬಗದವ್ರ ವಂಶದ ಹೆಣ್ಣು ನಮಗ ಬ್ಯಾಡ ಅಂತಾರ."

ಅಜ್ಜ ಮೊದಲು ನಕ್ಕರು. "ಅದು ಕಾದಂಬರಿ ಅದರೀ!" ಎಂದರು.

"ಐತಿಹಾಸಿಕ ಅಂತ ಬರದಾರಲ್ರಿ ಮ್ಯಾಲೆ," ಎಂದರು ಮಧ್ಯಸ್ಥಿಕೆಯವರು.

ಅಜ್ಜ ಮಹಡಿ ಹತ್ತಿದರು. ಗಂಡಸರ ಮಾತಿನ ನಡುವೆ ಹೆಣ್ಣುಮಕ್ಕಳು ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ, ಆದರೂ ಅತ್ಯಾ ಹಿಂದೆಯೇ ಹತ್ತಿದಳು. ಅಲ್ಲಿ ನಡೆದದ್ದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೂ ಅಲ್ಲಿದ್ದೆ ಎಂದೇ ಅನಿಸುತ್ತದೆ. ಅಜ್ಜ ಕೇಳಿದ್ದು ಒಂದೇ ಸಾಲು. ಬಾಗಿಲು ತೆಗೆದವನು ಕಲ್ಪನೆಯ ಪಾತ್ರ, ಅಂಥವನು ಇರಲಿಲ್ಲ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರೆಯಿರಿ, ನನ್ನ ಮಗಳ ಮದುವೆ ಉಳಿಯುತ್ತದೆ. ಕಾದಂಬರಿಕಾರರು ಬಹಳ ನೊಂದುಕೊಂಡರು. ನೊಂದುಕೊಳ್ಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. "ಒಬ್ಬನು ಸುಳ್ಳೆಂದು ಒಪ್ಪಿಕೊಂಡರೆ ಜನ ಉಳಿದವರನ್ನೂ ನಂಬುವುದಿಲ್ಲ. ಇಡೀ ಪುಸ್ತಕವೇ ಬಿದ್ದುಹೋಗುತ್ತದೆ," ಎಂದರು.

ಅತ್ಯಾ ನೆಲ ನೋಡುತ್ತಲೇ ಮರಾಠಿಯಲ್ಲಿ ಕೇಳಿದಳು: "ಹಾಗಾದರೆ ಈ ಊರಿನವರದೇ ಒಂದು ಹೆಸರು ಇಡಬಹುದಾಗಿತ್ತಲ್ಲ?"

"ಇಟ್ಟಿದ್ದರೆ ಅವರು ಸುಮ್ಮನಿರುತ್ತಿದ್ದರೇನಮ್ಮ? ನನ್ನ ಮನೆಗೆ ಕಲ್ಲು ಬೀಳುತ್ತಿತ್ತು," ಎಂದರು ಅವರು. ಆಮೇಲೆ ಅಜ್ಜನ ಕಡೆ ತಿರುಗಿ ಪ್ರೀತಿಯಿಂದಲೇ ಸೇರಿಸಿದರು, "ನೀವು ಸಜ್ಜನರು."

ಆ ಸಂಬಂಧ ಮುರಿಯಿತು. ಆಮೇಲೆ ಬಂದವೂ ಅದೇ ದಾರಿ ಹಿಡಿದವು. ಸುಳ್ಳಿಗೆ ಕಾಲಿರುವುದಿಲ್ಲ ಎನ್ನುತ್ತಾರೆ, ಆದರೆ ಅಚ್ಚಾದ ಸುಳ್ಳಿಗೆ ರೆಕ್ಕೆಯೇ ಇರುತ್ತದೆ. ಮುಂದಿನ ಗಣಪತಿ ಹಬ್ಬದಲ್ಲಿ ಮೇಳದ ಹುಡುಗರು ಆ ಪ್ರಸಂಗವನ್ನು ನಮ್ಮ ಓಣಿಯಲ್ಲೇ ಆಡಿ ತೋರಿಸಿದರು. ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದರು. ದ್ರೋಹಿಯ ವೇಷದವನು ಮರಾಠಿಯ ಒಂದೊಂದು ಮಾತಿನ ಬಾಲಕ್ಕೂ "ರೀ" ಎಂದು ಸೇರಿಸುತ್ತ, ಕುಂಟುತ್ತ ಬಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಓಣಿಯ ಮಕ್ಕಳಿಗೆ ಹೊಸ ಆಟ ಸಿಕ್ಕಿತು. ನಮ್ಮ ಬಾಗಿಲು ಬಡಿದು, "ಬಾಗಿಲಾ ತೆಗೀ ರೀ" ಎಂದು ಕೂಗಿ ಓಡಿಹೋಗುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನು ಆ ಕಾದಂಬರಿಕಾರರನ್ನು ಶಪಿಸಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಅಜ್ಜನೇ ನಂಬತೊಡಗಿದರು. ತಾವೇ ಹೋಳಿಗೆಯ ಜೊತೆಗೆ ಬಡಿಸಿದ ಹೆಸರು ಅದೆಂಬುದು ಅವರಿಗೆ ಮರೆತೇ ಹೋದಂತಿತ್ತು. "ಅಷ್ಟು ದೊಡ್ಡ ಮನಷ್ಯಾ ಸುಮ್ಮಸುಮ್ಮನ ಬರೀತಾನೇನು? ಎಲ್ಲೋ ಏನೋ ಓದಿರಬೇಕು. ಬೆಂಕಿ ಇಲ್ಲದ ಹೊಗಿ ಏಳೂದಿಲ್ಲ," ಎಂದು ಒಬ್ಬರೇ ಗೊಣಗುತ್ತಿದ್ದರು. ಮಗಳ ಮದುವೆ ಆಗದ್ದಕ್ಕೂ, ಕಚೇರಿಯಲ್ಲಿ ಬಡ್ತಿ ತಪ್ಪಿದ್ದಕ್ಕೂ, ಅಜ್ಜಿಯ ಮೊಣಕಾಲು ನೋವಿಗೂ ಅವರಿಗೆ ಈಗ ಒಂದು ಕಾರಣ ಸಿಕ್ಕಿತ್ತು. ಬಂಡೆಯಿಂದ ಬಿದ್ದು ದುರ್ಮರಣಕ್ಕೆ ತುತ್ತಾದವನ ಆತ್ಮ ವಂಶವನ್ನು ಕಾಡುತ್ತಿದೆಯೆಂದು ಪುರೋಹಿತರು ಹೇಳಿದರು. ನಾರಾಯಣಬಲಿ ಮಾಡಿಸುವುದೆಂದು ಗೊತ್ತಾಯಿತು.

ಮುಠಾ ನದಿಯ ದಂಡೆಗೆ ಎಳ್ಳು, ದರ್ಭೆ, ಹಿಟ್ಟು ಹೊತ್ತುಕೊಂಡು ಹೋದವಳು ಅತ್ಯಾ. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಸತ್ತವನ ಹೆಸರು, ಗೋತ್ರ ಹೇಳಿ ಎಂದರು ಪುರೋಹಿತರು. ಅಜ್ಜ ಕಾದಂಬರಿಯಲ್ಲಿದ್ದ ಹೆಸರನ್ನು ಹೇಳಿದರು. ಗೋತ್ರ ನಮ್ಮದನ್ನು ಹೇಳಿದರು. ಅತ್ಯಾ ಗಟ್ಟಿಯಾಗಿಯೇ ಅಂದಳು:

"ಅಪ್ಪಾ, ಅವರು ಅವಂಗ ಬರೇ ಹೆಸರು ಕೊಟ್ಟಿದ್ರು. ನೀವು ಗೋತ್ರಾ ಕೊಟ್ರಿ. ಇನ್ನ ಅವ ಖರೇನ ನಮ್ಮವ ಆದ."

ಪುರೋಹಿತರು ಮಂತ್ರವನ್ನು ಮುಂದುವರಿಸಿದರು. ಮರುದಿನದ ಸಮಾರಾಧನೆಗೆ ಮಹಡಿಯ ಮೇಲಿನವರನ್ನೂ ಕರೆದಿದ್ದರು. ಕಾದಂಬರಿಕಾರರು ಬಂದರು, "ಒಳ್ಳೆಯ ಕೆಲಸ ಮಾಡಿದಿರಿ, ಮನಸ್ಸಿಗೆ ಶಾಂತಿ ಮುಖ್ಯ" ಎಂದರು, ಎಲೆಯ ಮುಂದೆ ಕೂತರು. ಬಡಿಸುತ್ತಿದ್ದವಳು ಅತ್ಯಾ. ಅವರ ಎಲೆಯ ಹತ್ತಿರ ಬಂದಾಗ ನಿಂತು, ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ, ಸಂಕೋಚ ಬೇಡ. ನಿಮ್ಮ ಮಗನದೇ ತಿಥಿಯೂಟ." ಅವರು ಮುಖ ಎತ್ತದೆ ಉಂಡರು. ಹಾಕಿದ್ದನ್ನು ಬಿಡಲಿಲ್ಲ.

ಅತ್ಯಾ ಮುಂದೆ ಶಿಕ್ಷಕಿಯ ತರಬೇತಿ ಪಡೆದು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಾಯಿ ಆದಳು. ಅಲ್ಲಿ ಶಿಕ್ಷಕಿಗೆ ಬಾಯಿ ಎನ್ನುತ್ತಾರೆ. ಕಲಿಸಲು ಕೊಟ್ಟದ್ದು ಇತಿಹಾಸ. ವರ್ಷವರ್ಷವೂ ಹೊಸ ಹುಡುಗಿಯೊಬ್ಬಳು ಎದ್ದು, "ಬಾಯಿ, ಆ ದ್ರೋಹಿ ನಿಮ್ಮ ಮನೆತನದವನೇ?" ಎಂದು ಕೇಳುತ್ತಿದ್ದಳು. ವರ್ಷವರ್ಷವೂ ಇವಳು, ಅಂಥವನು ಇರಲಿಲ್ಲ, ಅದೊಂದು ಕಥೆ ಎಂದು ಹೇಳುತ್ತಿದ್ದಳು. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಇವಳಾದರೂ ಇನ್ನೇನು ಹೇಳಿಯಾಳು ಎಂಬ ನೋಟ ಅದು.

ಅಂಗಳದಲ್ಲಿ ಕೂತು ಓದುವುದನ್ನು ಅವಳು ಬಿಟ್ಟಳು, ಓದುವುದನ್ನು ಬಿಡಲಿಲ್ಲ. ನನಗೆ ಮದುವೆಯಾಗಿ ಅದೇ ಊರಿನಲ್ಲಿ ಸಂಸಾರ ಹೂಡಿದ ಮೇಲೆಯೂ ಭಾನುವಾರ ಅವಳ ಹತ್ತಿರ ಹೋದರೆ, ಕೈಯಲ್ಲಿ ಯಾವುದೋ ರಾಜನ ಕಥೆ ಇರುತ್ತಿತ್ತು. ನಿನಗೆ ಇನ್ನೂ ಇವು ಹೇಗೆ ಸೇರುತ್ತವೆ ಎಂದು ಒಮ್ಮೆ ಕೇಳಿದೆ.

"ಛಲೋ ಬರೀತಾರವಾ, ಏನ ಮಾಡೂದು?" ಎಂದಳು. ಆಮೇಲೆ ಪುಸ್ತಕ ಮಡಿಚಿಟ್ಟು, "ಮೊದಲ ನಾ ಹಸಿವಿ ಖರೆ ಇರಬೇಕು, ಹಾದಿ ಖರೆ ಇರಬೇಕು ಅಂತಿದ್ದೆ. ಹುಚ್ಚಿ ನಾ. ಯಾರದರೆ ಬಾಳೇ ಹಾಳಾತಂದ್ರ ಅದು ಐತಿಹಾಸಿಕ. ಯಾರಿಗೂ ಏನೂ ಆಗಲಿಲ್ಲಂದ್ರ ಬರೇ ಕಾದಂಬರಿ," ಎಂದಳು.

ನಾನು ಈಗ ಬರೆಯುವವಳು. ನನಗೆ ಅಕ್ಷರದ ರುಚಿ ಹತ್ತಿಸಿದವಳೂ ಅವಳೇ, ಅಕ್ಷರದ ಹೆದರಿಕೆ ಹುಟ್ಟಿಸಿದವಳೂ ಅವಳೇ. ಕಥೆಯಲ್ಲಿ ಕೆಟ್ಟವನೊಬ್ಬ ಬಂದರೆ ಅವನಿಗೆ ಹೆಸರಿಡಲು ನನಗೆ ವಾರ ಹಿಡಿಯುತ್ತದೆ. ಸಂಪಾದಕರು ಬೈಯುತ್ತಾರೆ, ಬೈಯಲಿ.

ಸ್ವಾತಂತ್ರ್ಯ ಬರುವ ಮೊದಲಿನ ಚಳಿಗಾಲದಲ್ಲಿ ಅತ್ಯಾ ವಿಷಮಜ್ವರದಿಂದ ತೀರಿಕೊಂಡಳು. ನಲವತ್ತು ಕೂಡ ತುಂಬಿರಲಿಲ್ಲ. ಅಜ್ಜ ಅಜ್ಜಿ ಅಷ್ಟರೊಳಗೆ ಹೋಗಿದ್ದರು. ಶಾಲೆಯವರು ಸಂತಾಪ ಸಭೆ ಕರೆದರು, ನಾನೂ ನನ್ನ ತಂದೆಯೂ ಹೋದೆವು. ಮುಖ್ಯಾಧ್ಯಾಪಕಿ ನಿಜವಾಗಿಯೂ ಅತ್ತು ಮಾತಾಡಿದರು. ಅವಳ ಪಾಠ, ಅವಳ ಖಾದಿ, ಬಡ ಹುಡುಗಿಯರಿಗೆ ಅವಳು ಮಾಡಿದ ಸಹಾಯ ಎಲ್ಲವನ್ನೂ ಹೇಳಿ ಕೊನೆಗೆ, "ಇವರ ಮನೆತನದ ಮೇಲೆ ಇತಿಹಾಸದ ಒಂದು ಕಳಂಕವಿತ್ತು, ನಿಮಗೆಲ್ಲ ಗೊತ್ತೇ ಇದೆ. ಪೂರ್ವಜನ ಆ ಪಾಪವನ್ನು ಈ ಹೆಣ್ಣುಮಗಳು ತನ್ನ ಸೇವೆಯಿಂದ ತೊಳೆದಳು," ಎಂದರು. ಸಭೆ ಕಣ್ಣೊರೆಸಿಕೊಂಡಿತು. ನನ್ನ ತಂದೆ ಕೂತಲ್ಲಿಂದಲೇ ಅವರಿಗೆ ಕೈ ಮುಗಿದರು.

ನಾನು ಎದ್ದು ನಿಂತೆ. "ಅಂಥ ಪೂರ್ವಜ ಇರಲೇ ಇಲ್ಲ. ಅವನು ಕಾದಂಬರಿಯವನು. ನಮ್ಮ ಅತ್ಯಾ ತೊಳೆಯಬೇಕಾದ್ದು ಏನೂ ಇರಲಿಲ್ಲ," ಎಂದೆ. ಮುಖ್ಯಾಧ್ಯಾಪಕಿ ವೇದಿಕೆಯಿಂದ ಇಳಿದು ಬಂದು ನನ್ನ ಬೆನ್ನು ಸವರಿದರು. "ನಿನ್ನ ಸಂಕಟ ನನಗೆ ತಿಳಿಯುತ್ತದೆ ಮಗು. ಆದರೆ ಇತಿಹಾಸವನ್ನು ಒಪ್ಪಿಕೊಳ್ಳಬೇಕು. ನಿಮ್ಮ ಅತ್ಯಾ ಒಪ್ಪಿಕೊಂಡಿದ್ದರು, ಅದೇ ಅವರ ದೊಡ್ಡತನ," ಎಂದರು.

ನನ್ನ ತಂದೆ ನನ್ನ ಸೆರಗು ಜಗ್ಗಿದರು. "ಕೂಡವಾ," ಎಂದರು ಸಣ್ಣ ದನಿಯಲ್ಲಿ. "ಪಾಪ, ಅವರು ಛಲೋ ಮಾತು ಹೇಳ್ಯಾರ."

ನಾನು ಕೂತೆ. ಅತ್ಯಾ ಆಗಿದ್ದರೆ ಕೂಡುತ್ತಿರಲಿಲ್ಲ.